ಎಲ್‌ಎಲ್‌ಬಿ ಆಯ್ತು, ಈಗ ಕಾಸರಗೋಡಾ, ಮಂಗಳೂರಾ, ಎರ್ನಾಕುಲಮಾ?

ಪೆರ್ಲದವಳು
ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದ್ದೇನೆ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಮಲಯಾಳಂ ಮಾತಾಡಲು ಬರುತ್ತದೆ, ಓದುವುದು ಬಸ್ಸಿನ ಬೋರ್ಡಿನ ಮಟ್ಟಿಗೆ ಮಾತ್ರ.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಎನ್‌ರೋಲ್ ಆಗುವುದು, ಅಂದರೆ ವಕೀಲರ ಪಟ್ಟಿಗೆ ಹೆಸರು ಸೇರಿಸುವುದು, ಕೇರಳದಲ್ಲಾ, ಕರ್ನಾಟಕದಲ್ಲಾ? ಕಾಸರಗೋಡು ಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಿದರೆ ಬಸ್ಸಿನ ಖರ್ಚಾದರೂ ಹುಟ್ಟುತ್ತದಾ? ಕಂಪೆನಿ ಕೆಲಸ ಹುಡುಕಲು ಹೋದರೆ ಎಲ್ಲ ಕಡೆ ‘ಎರಡು ವರ್ಷ ಅನುಭವ’ ಅಂತ ಬರೆದಿರುತ್ತಾರೆ. ಅನುಭವಕ್ಕೆ ಇಂಟರ್ನ್‌ಶಿಪ್ ಮಾಡೋಣ ಅಂದರೆ ಆನ್‌ಲೈನ್‌ನಲ್ಲಿ ನಮ್ಮಿಂದಲೇ ದುಡ್ಡು ಕೇಳುತ್ತಾರೆ. ಮನೆಯಲ್ಲಿ ಅಪ್ಪ ಏನೂ ಹೇಳುವುದಿಲ್ಲ, ಆದರೆ ಅತ್ತೆ, ಚಿಕ್ಕಮ್ಮ ಎಲ್ಲ ‘ಬ್ಯಾಂಕ್ ಪರೀಕ್ಷೆ ಬರಿ’ ಅಂತ ಶುರು ಮಾಡಿದ್ದಾರೆ. ಈ ದಾರಿಯಲ್ಲಿ ಹೋಗಿ ಬಂದವರು ಸ್ವಲ್ಪ ಹೇಳಿ.

ಅಡಿಕೆ ಗೊನೆ
ಮೊದಲಿಗೆ ಅಭಿನಂದನೆ ತಂಗಿ. ಊರಿಗೊಬ್ಬರು ವಕೀಲರು ಬೇಕಿತ್ತು, ನಮ್ಮ ಬೇಲಿ ತಕರಾರು ಹಾಗೇ ಉಳಿದಿದೆ 😄

ತಲಪಾಡಿ ದಾಟಿದವ
ನೇರವಾಗಿ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಬೆಂಗಳೂರಿಗೆ ಹೋಗಿ. ನಾನು ಕುಂಬಳೆಯವನು. ಊರಲ್ಲಿ ಸ್ವಲ್ಪ ಸಮಯ ಕೋರ್ಟಿಗೆ ಹೋದೆ, ಆಮೇಲೆ ಬೆಂಗಳೂರಿನ ಒಂದು ಕಂಪೆನಿಯ ಲೀಗಲ್ ವಿಭಾಗ ಸೇರಿದೆ. ಕಾಂಟ್ರಾಕ್ಟ್ ಓದುವುದು, ತಿದ್ದುವುದು, ಇಷ್ಟೇ ಕೆಲಸ. ತಿಂಗಳ ಕೊನೆಗೆ ಸಂಬಳ ಬೀಳುತ್ತದೆ. ಊರಲ್ಲಿ ಸೀನಿಯರ್ ಹಿಂದೆ ಫೈಲ್ ಹಿಡ್ಕೊಂಡು ತಿರುಗುವುದು, ಬೆಳಗ್ಗಿಂದ ಸಂಜೆವರೆಗೆ ಅಡ್ಜರ್ನ್‌ಮೆಂಟ್ (ಮುಂದಿನ ದಿನಾಂಕ) ಕೇಳುವುದು, ಇದರಲ್ಲಿ ಏನು ಕಲಿಯಲಿಕ್ಕಿದೆ?

ಎನ್‌ರೋಲ್ ಮಾಡಿಟ್ಟುಕೊಳ್ಳಿ, ಕೆಲಸ ಕಂಪೆನಿಯಲ್ಲಿ ಮಾಡಿ. ಶನಿವಾರ ಬೇಕಾದರೆ ಒಂದೆರಡು ಕೇಸ್ ನೋಡಿಕೊಳ್ಳಬಹುದು.

ವಿದ್ಯಾನಗರ ವಕೀಲ
@ತಲಪಾಡಿ ದಾಟಿದವ, ಕೊನೆಯ ಸಾಲು ತಪ್ಪು. ದಯವಿಟ್ಟು ಹೊಸಬರಿಗೆ ಹೀಗೆ ಹೇಳಬೇಡಿ. ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ. ಕೆಲಸಕ್ಕೆ ಸೇರಿದರೆ ಬಾರ್ ಕೌನ್ಸಿಲ್‌ಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಶನಿವಾರದ ಕೇಸು ಒಂದು ದಿನ ಸನ್ನದಿಗೇ (ವಕೀಲಿಕೆಯ ಪರವಾನಗಿಗೇ) ಬರುತ್ತದೆ.

ತಲಪಾಡಿ ದಾಟಿದವ
ಸರಿ ಸರ್, ಶನಿವಾರ ವಾಪಸ್ ತಗೊಂಡೆ. ಬೆಂಗಳೂರು ವಾಪಸ್ ತಗೊಳ್ಳೋದಿಲ್ಲ.

ವಿದ್ಯಾನಗರ ವಕೀಲ
ಪೆರ್ಲದ ತಂಗಿಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಎನ್‌ರೋಲ್‌ಮೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅಡ್ವೊಕೇಟ್ಸ್ ಆಕ್ಟ್ ಸೆಕ್ಷನ್ 30 ಜಾರಿಗೆ ಬಂದದ್ದು 2011ರ ಜೂನ್ 15ಕ್ಕೆ. ಅಲ್ಲಿಂದ ಮೇಲೆ ಯಾವ ರಾಜ್ಯದಲ್ಲಿ ಹೆಸರಿದ್ದರೂ ದೇಶದ ಯಾವ ಕೋರ್ಟಿನಲ್ಲಿಯೂ ವಾದ ಮಾಡಬಹುದು. ಆದರೆ ನೀನು ದಿನಾ ಎಲ್ಲಿ ಕೂರುತ್ತೀಯೋ ಅಲ್ಲಿನ ಬಾರ್ ಕೌನ್ಸಿಲ್ ಒಳ್ಳೆಯದು. ಬಾರ್ ಅಸೋಸಿಯೇಶನ್ ಸದಸ್ಯತ್ವ, ವೆಲ್ಫೇರ್ ಫಂಡ್, ಸ್ಟೈಪೆಂಡ್, ಎಲ್ಲ ಅದಕ್ಕೇ ತಗುಲಿಕೊಂಡಿರುತ್ತದೆ. ಮುಂದೆ ಊರು ಬದಲಾದರೆ ಸೆಕ್ಷನ್ 18ರಲ್ಲಿ ವರ್ಗಾವಣೆ ಇದೆ.

ಶುಲ್ಕದ ವಿಷಯ. ಮೊದಲು ಕೌನ್ಸಿಲ್‌ಗಳು ಬಾಯಿಗೆ ಬಂದಷ್ಟು ವಸೂಲು ಮಾಡುತ್ತಿದ್ದವು. 2024ರ ಜುಲೈ 30ಕ್ಕೆ ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ಹೇಳಿತು, ಕಾಯ್ದೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ ಅಂತ. ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಮೇಲೆ ಸ್ಟಾಂಪಿನ ಖರ್ಚು. ಯಾರಾದರೂ ‘ಒಟ್ಟಿಗೆ ಎಲ್ಲ ನಾನೇ ಮಾಡಿಸಿಕೊಡುತ್ತೇನೆ’ ಅಂತ ಸಾವಿರಗಟ್ಟಲೆ ಕೇಳಿದರೆ ಲೆಕ್ಕ ಕೇಳು.

ಎನ್‌ರೋಲ್ ಆದಮೇಲೆ ಎರಡು ವರ್ಷದೊಳಗೆ ಎಐಬಿಇ (ಅಖಿಲ ಭಾರತ ಬಾರ್ ಪರೀಕ್ಷೆ) ಪಾಸಾಗಬೇಕು. 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತ ಇಲ್ಲ. ಬೇರ್ ಆಕ್ಟ್ (ವ್ಯಾಖ್ಯಾನ ಇಲ್ಲದ ಕಾಯ್ದೆ ಪುಸ್ತಕ) ತಗೊಂಡು ಹೋಗಬಹುದು, ಅದರಲ್ಲಿ ಟಿಪ್ಪಣಿ ಬರೆದಿರಬಾರದು. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಿಎನ್‌ಎಸ್, ಬಿಎನ್‌ಎಸ್‌ಎಸ್, ಬಿಎಸ್‌ಎ ಬಂದಿದೆ. ಆದ್ದರಿಂದ ಅಣ್ಣನ ಹಳೇ ಪುಸ್ತಕ ನಂಬಿ ಕೂರಬೇಡ.

ಇನ್ನು ಮಲಯಾಳಂ. ಇದು ಮಾತ್ರ ನಿಜವಾದ ಅಡ್ಡಿ. ಚಾರ್ಜ್‌ಶೀಟ್, ಪೊಲೀಸರ ಹೇಳಿಕೆ, ವಿಲೇಜ್ ಆಫೀಸಿನ ವರದಿ, ಪಂಚಾಯತ್ ನೋಟೀಸು, ಎಲ್ಲ ಮಲಯಾಳಂ. ಓದಲು ಬರದಿದ್ದರೆ ಸೀನಿಯರ್ ಆಫೀಸಿನಲ್ಲಿ ನೀನು ಬರೀ ಫೈಲ್ ಹೊರುವವಳಾಗುತ್ತೀ. ಲಿಪಿ ಕಲಿಯುವುದಕ್ಕೆ ಕೆಲವು ವಾರ ಸಾಕು, ಕನ್ನಡ ಬಲ್ಲವರಿಗೆ ಅಕ್ಷರಮಾಲೆಯ ಕ್ರಮ ಒಂದೇ ಅಲ್ವಾ. ಕೈಬರಹ ಓದುವುದಕ್ಕೆ ಸಮಯ ಹಿಡಿಯುತ್ತದೆ, ಅದರಲ್ಲೂ ಸ್ಟೇಶನ್ ರೈಟರ್‌ನ ಕೈಬರಹ!

ಎರ್ನಾಕುಲಂ ಪಿಜಿ
ಸ್ಟೇಶನ್ ರೈಟರ್ ಕೈಬರಹ ಮಲಯಾಳಿಗಳಿಗೂ ಓದಲಿಕ್ಕೆ ಬರುವುದಿಲ್ಲ, ಸಮಾಧಾನ ಮಾಡ್ಕೊಳ್ಳಿ.

ಹಳೇ ಕೋಟು
ಈಗಿನವರಿಗೆ ಸೇರುವ ಮೊದಲೇ ಎಷ್ಟು ಸಿಗುತ್ತದೆ ಅಂತ ಲೆಕ್ಕ. ನಾವು ಸೀನಿಯರ್ ಹತ್ತಿರ ಸೇರಿದಾಗ ಒಂದು ಪೈಸೆ ಕೇಳಲಿಲ್ಲ. ಬೆಳಗ್ಗೆ ಆಫೀಸಿನ ಬಾಗಿಲು ತೆಗೆದು, ಕಸ ಗುಡಿಸಿ, ಡೈರಿ ಬರೆದು ಕಲಿತೆವು. ವಿದ್ಯೆ ಹಾಗೇ ಬರುವುದು.

ಎರ್ನಾಕುಲಂ ಪಿಜಿ
ಸರ್, ಗೌರವದಿಂದಲೇ ಹೇಳುತ್ತೇನೆ. ಕಸ ಗುಡಿಸಿ ಕಲಿತದ್ದು ವಿದ್ಯೆಯಲ್ಲ, ನಿಮಗೆ ಮನೆಯಿಂದ ಊಟ ಬರುತ್ತಿತ್ತು ಅಂತ ಅರ್ಥ. ಊಟಕ್ಕೆ ಮನೆಯಿಂದ ಬರದವರು ಮೂರನೇ ತಿಂಗಳಿಗೆ ಕೋಟು ಕಳಚಿ ಹೋದರು. ಅವರ ಕಥೆ ಬಾರ್ ಅಸೋಸಿಯೇಶನ್ ಭಾಷಣದಲ್ಲಿ ಬರುವುದಿಲ್ಲ.

ಹಳೇ ಕೋಟು
ನನ್ನ ಅಪ್ಪ ಬೀಡಿ ಕಟ್ಟುತ್ತಿದ್ದವರು. ನನ್ನ ಬಗ್ಗೆ ಗೊತ್ತಿಲ್ಲದೆ ಮಾತಾಡಬೇಡಿ. ಸಂಜೆ ಟ್ಯೂಶನ್ ಕೊಟ್ಟು ಬದುಕಿದವನು ನಾನು.

ಎರ್ನಾಕುಲಂ ಪಿಜಿ
ಹಾಗಾದರೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು ಸರ್. ನಿಮ್ಮ ಜೂನಿಯರ್ ಟ್ಯೂಶನ್ ಕೊಡದೆ ಬದುಕುವ ಹಾಗೆ ಮಾಡಿ, ಅಷ್ಟೇ ಕೇಳೋದು.

ಹೊಸೂರು ಬಸ್
ನಮ್ಮ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟ್ 2024ರ ಜೂನ್‌ನಲ್ಲೇ ಹೇಳಿತು, ಚೆನ್ನೈ, ಮಧುರೈ, ಕೊಯಮತ್ತೂರಿನಲ್ಲಿ ಜೂನಿಯರ್‌ಗೆ ಕನಿಷ್ಠ 20,000, ಉಳಿದ ಜಿಲ್ಲೆಗಳಲ್ಲಿ 15,000 ಕೊಡಬೇಕು ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾವೂ ನಗರಕ್ಕೆ 20,000, ಹಳ್ಳಿ ಕಡೆಗೆ 15,000 ಅಂತ ಸುತ್ತೋಲೆ ಹೊರಡಿಸಿತು. ಹೊಸೂರಲ್ಲಿ ಎಷ್ಟು ಜನ ಕೊಡುತ್ತಾರೆ ಅಂತ ಮಾತ್ರ ಕೇಳಬೇಡಿ.

ವಿದ್ಯಾನಗರ ವಕೀಲ
ಆ ಸುತ್ತೋಲೆ ಕಡ್ಡಾಯ ಅಲ್ಲ, ಬರೀ ಶಿಫಾರಸು. ಅದನ್ನು ಹಿಡಿದು ಸೀನಿಯರ್ ಹತ್ತಿರ ಹೋದರೆ ಟೀ ಕುಡಿಸಿ ಕಳಿಸುತ್ತಾರೆ. ಕೇರಳದಲ್ಲಿ 2021ರ ಸ್ಟೈಪೆಂಡ್ ನಿಯಮ ಇದೆ. ಪ್ರಾಕ್ಟೀಸ್ ಮೂರು ವರ್ಷ ದಾಟಿರಬಾರದು, ವರ್ಷದ ಆದಾಯ 1 ಲಕ್ಷಕ್ಕಿಂತ ಕಡಿಮೆ ಇರಬೇಕು, ತಿಂಗಳಿಗೆ 3,000 ರೂಪಾಯಿವರೆಗೆ. ಮೊತ್ತ ಸಣ್ಣದು. ಆದರೂ ಅರ್ಜಿ ಹಾಕದೆ ಬಿಡಬೇಡಿ, ಪೆರ್ಲದಿಂದ ಕಾಸರಗೋಡಿಗೆ ಬಸ್ ಚಾರ್ಜ್ ಅದರಲ್ಲೇ ಆಗುತ್ತದೆ.

ಅಡಿಕೆ ಗೊನೆ
ಬಸ್ಸು ಬಂದರೆ.

ಮಂಜೇಶ್ವರ ಪ್ಯಾಸೆಂಜರ್
ನಾನು ಮನೆ ಮಂಜೇಶ್ವರದಲ್ಲಿ, ಪ್ರಾಕ್ಟೀಸ್ ಮಂಗಳೂರಿನಲ್ಲಿ. ಕರ್ನಾಟಕದಲ್ಲಿ ಎನ್‌ರೋಲ್. ಬೆಳಗ್ಗೆ ರೈಲು, ಸಂಜೆ ಬಸ್ಸು. ಮಂಗಳೂರು ಕೋರ್ಟಿನಲ್ಲಿ ಕನ್ನಡದಲ್ಲೇ ಸಾಕ್ಷಿ, ಕನ್ನಡದಲ್ಲೇ ಕಕ್ಷಿದಾರರು, ನೆಮ್ಮದಿ. ಕೆಲಸವೂ ಜಾಸ್ತಿ. ಬಿಲ್ಡರ್, ಇನ್ಶೂರೆನ್ಸ್, ಚೆಕ್ ಬೌನ್ಸ್, ಎಲ್ಲ ಇದೆ. ಆದರೆ ಜೂನಿಯರ್‌ಗಳ ಸಂಖ್ಯೆಯೂ ಅಷ್ಟೇ ಜಾಸ್ತಿ, ಪ್ರತಿ ವರ್ಷ ಮಂಗಳೂರು, ಉಡುಪಿ ಕಾಲೇಜುಗಳಿಂದ ಹೊಸ ಬ್ಯಾಚು ಬರುತ್ತದೆ.

ಇನ್ನೊಂದು ಮಾತು. 2020ರಲ್ಲಿ ಕೊರೊನಾ ಬಂದಾಗ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದರಲ್ಲ, ಆಗ ನನ್ನ ಪ್ರಾಕ್ಟೀಸ್ ಒಂದು ಕಡೆ, ನಾನು ಒಂದು ಕಡೆ. ಎರಡು ರಾಜ್ಯದ ಮಧ್ಯೆ ಹೊಟ್ಟೆಪಾಡು ಇಟ್ಟುಕೊಂಡವರಿಗೆ ಅದು ಮರೆಯುವುದಿಲ್ಲ.

ಗುಮಾಸ್ತಣ್ಣ
ವಕೀಲರೆಲ್ಲ ಮಾತಾಡಿದಿರಿ, ಈಗ ಗುಮಾಸ್ತನ ಮಾತೂ ಒಂದಿರಲಿ. ನಾನು ಕಾಸರಗೋಡಿನಲ್ಲಿ ಎರಡು ತಲೆಮಾರಿನ ವಕೀಲರ ಆಫೀಸು ನೋಡಿದವನು.

ತಂಗಿ, ನಿನ್ನ ಕನ್ನಡ ಮೀಡಿಯಂ ಬಗ್ಗೆ ನಾಚಿಕೊಂಡ ಹಾಗೆ ಬರೆದಿದ್ದೀ. ಇಲ್ಲಿ ಈಗ ಕಡಿಮೆ ಇರುವುದು ಅದೇ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗಿನ ಆಧಾರ, ಪಾಲುಪಟ್ಟಿ, ಗೇಣಿಚೀಟಿ, ಕೋರ್ಟಿನ ಡಿಕ್ರಿ, ಎಷ್ಟೋ ಕನ್ನಡದಲ್ಲಿ. ಆಮೇಲೂ ತುಂಬಾ ಕಾಲ ಮಂಜೇಶ್ವರ, ಬದಿಯಡ್ಕ ಕಡೆ ಕನ್ನಡದಲ್ಲೇ ಬರೆಸಿದ್ದಾರೆ. ಇವತ್ತು ಆ ಜಾಗಕ್ಕೆ ವ್ಯಾಜ್ಯ ಬಂದರೆ, ಹೈವೇಗೆ ಜಾಗ ಹೋಗಿ ಪರಿಹಾರ ಕೇಳಬೇಕಾದರೆ, ಆ ಕಾಗದ ಓದುವವರು ಬೇಕು. ಕೋರ್ಟಿಗೆ ಬಂದ ಹೊಸ ಮಕ್ಕಳಲ್ಲಿ ಮೋಡಿ ಅಕ್ಷರದ (ಕೂಡಿಸಿ ಬರೆದ ಹಳೇ ಕೈಬರಹದ) ಕನ್ನಡ ಓದುವವರನ್ನು ಬೆರಳಲ್ಲಿ ಎಣಿಸಬಹುದು.

ಬರೀ ಅಕ್ಷರ ಓದಿದರೂ ಸಾಲದು. ಮೂಲಗೇಣಿ (ಶಾಶ್ವತ ಗೇಣಿ) ಯಾವುದು, ಚಾಲಗೇಣಿ (ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ) ಯಾವುದು, ವರ್ಗದಾರ ಅಂದರೆ ಯಾರು, ವರ್ಗದ ಪಕ್ಕದ ಕುಮ್ಕಿ ಜಾಗಕ್ಕೆ ಏನು ಹಕ್ಕು, ಇದು ತಿರುವನಂತಪುರದಲ್ಲಿ ಓದಿ ಬಂದವರಿಗೆ ಹೊಸ ಪಾಠ. ಅವರ ಊರಲ್ಲಿ ಗೇಣಿಗೆ ಕಾಣಂ, ವೆರುಂಪಾಟ್ಟಂ ಅಂತ. ನಮ್ಮದು ಬೇರೆ.

ವಿದ್ಯಾನಗರ ವಕೀಲ
ಗುಮಾಸ್ತಣ್ಣ ಹೇಳಿದ್ದು ಲಕ್ಷ ರೂಪಾಯಿ ಮಾತು. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ) ಪಾಲುಪಟ್ಟಿ ಒಂದು ನೋಡಿದರೆ ಗೊತ್ತಾಗುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಸಂತತಿ ಕವರು (ಹೆಣ್ಣಿನ ಕಡೆಯಿಂದ ವಂಶ ಮುಂದುವರಿಯುವ ಕವಲು), ನಿಸ್ಸಂತತಿ ಕವರು (ಹಾಗೆ ಮುಂದುವರಿಯದ ಕವಲು) ಅಂತ ಎರಡಿದೆ. ಮನೆತನದಲ್ಲಿ ಸಂತತಿ ಕವರು ಇದ್ದರೆ, ಪಾಲಾದಾಗ ನಿಸ್ಸಂತತಿ ಕವರಿಗೆ ಬಂದ ಪಾಲು ಬರೀ ಜೀವಿತಾವಧಿಗೆ. ಈ ಒಂದು ವಿಷಯ ಗೊತ್ತಿಲ್ಲದೆ ‘ಅಜ್ಜನಿಗೆ ಪಾಲು ಬಂದಿತ್ತು, ಆದ್ದರಿಂದ ಮಾರಿದ್ದು ಸರಿ’ ಅಂತ ರಿಪೋರ್ಟ್ ಬರೆದವರನ್ನು ನೋಡಿದ್ದೇನೆ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 7 ಬಂತು, ಕೇರಳದಲ್ಲಿ ಕೂಡುಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ಕ್ಕೆ ಜಾರಿಯಾಯ್ತು. ಯಾರು ಯಾವಾಗ ತೀರಿಕೊಂಡರು ಅನ್ನುವುದರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಇದಕ್ಕೆ 1963ರ ಭೂಸುಧಾರಣೆ ಕಾಯ್ದೆ, ಲ್ಯಾಂಡ್ ಟ್ರಿಬ್ಯೂನಲ್ ಗೇಣಿದಾರರಿಗೆ ಕೊಟ್ಟ ಕ್ರಯ ಸರ್ಟಿಫಿಕೇಟ್ ಸೇರಿಸಿ. ಈ ನಾಲ್ಕೈದು ಕಾನೂನು ಒಟ್ಟಿಗೆ ಇಟ್ಟುಕೊಂಡು ಒಂದು ಜಾಗದ ಟೈಟಲ್ (ಯಾರ ಹಕ್ಕು ಅನ್ನುವುದು) ಬಿಡಿಸುವ ಜೂನಿಯರ್ ಸಿಕ್ಕಿದರೆ ನಾನೇ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತೇನೆ. ಸುಮ್ನೆ ಹೇಳುವುದಲ್ಲ.

ತಲಪಾಡಿ ದಾಟಿದವ
ಎಷ್ಟು ಸಂಬಳ ಅಂತ ಬರೆಯಿರಿ ಸರ್, ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ.

ಜೋಕ್ ಬಿಡಿ. ಹಳೇ ಕಾಗದದ ಕೆಲಸ ಎಷ್ಟು ವರ್ಷ ಇರುತ್ತದೆ? ಜಾಗ ಮತ್ತೆ ಅಳೆಯುವ ರೀಸರ್ವೆ ನಡೀತಾ ಇದೆ, ಎಲ್ಲ ಕಂಪ್ಯೂಟರಿಗೆ ಹೋಗ್ತಾ ಇದೆ. ಬ್ಯಾಂಕಿನವರು ಸಾಮಾನ್ಯವಾಗಿ 30 ವರ್ಷದ ದಾಖಲೆ ಕೇಳುತ್ತಾರೆ, 1930ರದ್ದಲ್ಲ. ಇಪ್ಪತ್ತೈದು ವರ್ಷದ ಹುಡುಗಿಗೆ ಮುಗಿಯುತ್ತಿರುವ ಕೆಲಸ ತೋರಿಸ್ತಾ ಇದ್ದೀರಿ.

ಗುಮಾಸ್ತಣ್ಣ
ರೀಸರ್ವೆ ಆದ ಕಡೆ ವ್ಯಾಜ್ಯ ಕಡಿಮೆ ಆಯ್ತಾ, ಜಾಸ್ತಿ ಆಯ್ತಾ? ಕೋರ್ಟಿಗೆ ಬಂದು ನೋಡಿ. ಹಳೇ ಸರ್ವೆ ನಂಬರಿಗೂ ಹೊಸದಕ್ಕೂ ತಾಳೆ ಹಾಕಲು ಹೊರಟಾಗಲೇ ಎಲ್ಲರೂ ಅಜ್ಜನ ಪೆಟ್ಟಿಗೆ ತೆಗೆಯುವುದು.

ಮುಳ್ಳೇರಿಯ ಟೀಚರ್
ನಾನು ವಕೀಲೆ ಅಲ್ಲ, ಆದರೆ ಒಂದು ಮಾತು. ನಮ್ಮ ತಂದೆಯವರ ಜಾಗದ ವಿಷಯಕ್ಕೆ ಹೋದಾಗ ಪೂರ್ತಿ ಕನ್ನಡ ಕಾಗದ. ವಕೀಲರು ಒಳ್ಳೆಯವರೇ, ಆದರೆ ಓದಲು ಬರುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಮಲಯಾಳಂನಲ್ಲಿ ಹೇಳಿದೆ. ಫೀಸು ಮಾತ್ರ ಅವರಿಗೇ ಹೋಯ್ತು.

ಅಡಿಕೆ ಗೊನೆ
ಟೀಚರ್, ಜೂನಿಯರ್‌ಗಳ ಕಥೆಯೂ ಅದೇ ಅಂತೆ, ನೀವು ಅರ್ಧ ವಕೀಲೆ ಆದ ಹಾಗೇ.

ಜತ್ತ ತಾಲ್ಲೂಕು
ಸಾಂಗ್ಲಿ ಜಿಲ್ಲೆ ಜತ್ತ ಕಡೆಯವ ನಾನು. ನಿಮ್ಮ ಕಥೆ ಓದಿ ನಮ್ಮದೇ ಅನ್ನಿಸಿತು, ಮಲಯಾಳಂ ಇದ್ದಲ್ಲಿ ಮರಾಠಿ ಹಾಕಿಕೊಳ್ಳಿ. ಕಕ್ಷಿದಾರರು ಕನ್ನಡದಲ್ಲಿ ಅಳುತ್ತಾರೆ, ನಾವು ಮರಾಠಿಯಲ್ಲಿ ಬರೆಯುತ್ತೇವೆ. ಎರಡು ಭಾಷೆ ಬರುವ ಜೂನಿಯರ್‌ನ ಸೀನಿಯರ್‌ಗಳು ಬಿಡುವುದಿಲ್ಲ, ಅದು ಖರೆ. ಸಾಕ್ಷಿ ಜೊತೆ ಮೊದಲು ಕೂತು ಮಾತಾಡುವವನು ಅವನೇ.

ನಮಗೆ ಒಂದು ಅನುಕೂಲ ಆಗಿದೆ. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಸರ್ಕ್ಯೂಟ್ ಬೆಂಚ್ ಶುರುವಾಯಿತು. ಸಾಂಗ್ಲಿ, ಸೊಲ್ಲಾಪುರ ಎಲ್ಲ ಅದಕ್ಕೇ ಬರುತ್ತದೆ. ಮೊದಲು ರಿಟ್ ಅರ್ಜಿ ಹಾಕಬೇಕಾದರೆ ಮುಂಬೈಗೆ ಹೋಗಬೇಕಿತ್ತು. ಈಗ ಕೊಲ್ಹಾಪುರದಲ್ಲಿ ಹೊಸ ಆಫೀಸುಗಳು ತೆರೆದಿವೆ, ಜೂನಿಯರ್‌ಗಳನ್ನು ಕರೆಯುತ್ತಿದ್ದಾರೆ.

ಎರ್ನಾಕುಲಂ ಪಿಜಿ
ಹೊಟ್ಟೆ ಉರಿಯುತ್ತದೆ ಅಣ್ಣ. ಕೇರಳ ಹೈಕೋರ್ಟಿಗೆ ಎರ್ನಾಕುಲಂ ಬಿಟ್ಟರೆ ಬೇರೆ ಬೆಂಚೇ ಇಲ್ಲ. ಕಾಸರಗೋಡಿನಿಂದ ಸುಮಾರು 400 ಕಿಲೋಮೀಟರ್. ಒಂದು ಜಾಮೀನು ಅರ್ಜಿಗೆ ಮನೆಯವರು ರಾತ್ರಿ ರೈಲು ಹತ್ತಿ ಬರುತ್ತಾರೆ.

ಪೆರ್ಲದ ತಂಗಿಗೆ ನನ್ನ ಅನುಭವ. ನಾನು ಇಲ್ಲಿ ಒಂದು ಆಫೀಸಿನಲ್ಲಿ ಜೂನಿಯರ್. ಹೈಕೋರ್ಟಿನಲ್ಲಿ ಬರವಣಿಗೆ ಪೂರ್ತಿ ಇಂಗ್ಲಿಷ್, ಆದ್ದರಿಂದ ಮಲಯಾಳಂ ಲಿಪಿ ಬರದಿದ್ದರೂ ಮೊದಲ ದಿನದಿಂದಲೇ ಕೆಲಸ ಸಿಗುತ್ತದೆ. ಡ್ರಾಫ್ಟಿಂಗ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಇ-ಫೈಲಿಂಗ್ ಗೊತ್ತಿದ್ದ ಜೂನಿಯರ್‌ಗೆ ಬೆಲೆ ಇದೆ, ವಯಸ್ಸಾದ ಸೀನಿಯರ್‌ಗಳು ಅದರ ಹತ್ತಿರ ಹೋಗುವುದಿಲ್ಲ. ಆದರೆ ಪಿಜಿ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯಿಂದ ಸ್ವಲ್ಪ ಕಾಲ ದುಡ್ಡು ಬರುತ್ತದೆ ಅಂತ ಇದ್ದರೆ ಮಾತ್ರ ಬನ್ನಿ.

ಆಫೀಸು ಹುಡುಕುವ ರೀತಿಯನ್ನೂ ಹೇಳುತ್ತೇನೆ. ಇಮೇಲ್ ಕಳಿಸಿ ಕಾಯುತ್ತಾ ಕೂರಬೇಡಿ, ಯಾರೂ ಓದುವುದಿಲ್ಲ. ಕಾಸ್ ಲಿಸ್ಟ್ (ಕೋರ್ಟಿನ ದಿನದ ಕೇಸುಗಳ ಪಟ್ಟಿ) ತೆಗೆದು ನೋಡಿ, ನಿಮಗೆ ಬೇಕಾದ ವಿಷಯದಲ್ಲಿ ಯಾರ ಹೆಸರು ಪದೇ ಪದೇ ಬರುತ್ತದೆ ಅಂತ. ಆ ಕೋರ್ಟ್ ಹಾಲಿನಲ್ಲಿ ಹೋಗಿ ಕೂತು ಅವರು ವಾದ ಮಾಡುವುದನ್ನು ನೋಡಿ. ಜೂನಿಯರ್ ಹತ್ತಿರ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಅದಕ್ಕಿಂತ ಮೊದಲು ನೋಡಿ. ಆಮೇಲೆ ಸಂಜೆ ಆಫೀಸಿಗೆ ಹೋಗಿ ಕೇಳಿ. ಹೆಣ್ಣುಮಕ್ಕಳು ಆ ಆಫೀಸಿನ ಹಳೇ ಜೂನಿಯರ್‌ಗಳಿಗೆ ಒಂದು ಫೋನ್ ಮಾಡಿಯೇ ಸೇರಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ವಿವರಿಸುವುದಿಲ್ಲ.

ಪೆರ್ಲದವಳು
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗುಮಾಸ್ತಣ್ಣ, ನಮ್ಮ ಮನೆಯಲ್ಲೂ ಅಂಥ ಕಾಗದ ಇದೆ, ಅಜ್ಜಿ ಓದುತ್ತಾರೆ, ನಾನು ಪಕ್ಕದಲ್ಲಿ ಕೂತು ಸ್ವಲ್ಪ ಸ್ವಲ್ಪ ಓದಿದ್ದೇನೆ. ಇದು ಕೆಲಸಕ್ಕೆ ಬರುತ್ತದೆ ಅಂತ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ.

ಒಂದು ಸಂಶಯ. ಜಡ್ಜ್ ಪರೀಕ್ಷೆ ಈಗಲೇ ಬರೆಯಬಹುದಾ? ಫ್ರೆಂಡ್ ಒಬ್ಬಳು ಬರೆಯಬಹುದು ಅಂದಳು.

ಮಂಜೇಶ್ವರ ಪ್ಯಾಸೆಂಜರ್
ಇಲ್ಲ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಿವಿಲ್ ಜಡ್ಜ್ ಜೂನಿಯರ್ ಡಿವಿಜನ್‌ಗೆ ಮೂರು ವರ್ಷ ಪ್ರಾಕ್ಟೀಸ್ ಬೇಕು. ಒಳ್ಳೆ ಸುದ್ದಿ ಏನೆಂದರೆ, ಪ್ರೊವಿಶನಲ್ (ತಾತ್ಕಾಲಿಕ) ಎನ್‌ರೋಲ್‌ಮೆಂಟ್ ದಿನದಿಂದ ಲೆಕ್ಕ ಹಿಡಿಯುತ್ತಾರೆ, ಎಐಬಿಇ ಪಾಸಾದ ದಿನದಿಂದ ಅಲ್ಲ. ಜಡ್ಜ್‌ಗಳ ಹತ್ತಿರ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಸೇರುತ್ತದೆ. ಆದ್ದರಿಂದ ಎನ್‌ರೋಲ್‌ಮೆಂಟ್ ಮುಂದೆ ಹಾಕಬೇಡಿ, ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ.

ಕರ್ನಾಟಕದ ಪರೀಕ್ಷೆಯಲ್ಲಿ ಅನುವಾದದ್ದೇ ಒಂದು ಪೇಪರ್ ಇದೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳು ಒದ್ದಾಡುವುದು ಅಲ್ಲೇ. ನಿಮಗೆ ಅದು ಅಂಕ ಗಳಿಸುವ ಪೇಪರ್.

ಕಾನೂನು ಎರಡನೇ ವರ್ಷ
ಗಡಿನಾಡು ಕನ್ನಡಿಗ ಅಂತ ನಮಗೆ ಅಲ್ಲಿ ಕೋಟಾ ಸಿಗುತ್ತದಾ? ಅಣ್ಣನಿಗೆ ಸಿಇಟಿಯಲ್ಲಿ ಸಿಕ್ಕಿತ್ತು.

ವಿದ್ಯಾನಗರ ವಕೀಲ
ಅದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಜತ್ತ, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಸಿಇಟಿ ಸೀಟಿಗೆ ಇರುವ ಅರ್ಹತೆ. ಕೆಲಸಕ್ಕೂ ಅದೇ ಅಂದುಕೊಂಡು ಫಾರ್ಮ್ ತುಂಬಬೇಡಿ. ಆಯಾ ನೇಮಕಾತಿಯ ನೋಟಿಫಿಕೇಶನ್ ಓದಿ.

ಅಡಿಕೆ ಗೊನೆ
ಮೀಸಲಾತಿ ಮಾತು ಬಂತು, ಇನ್ನು ನೂರು ಕಾಮೆಂಟ್ ಗ್ಯಾರಂಟಿ.

ನಿರ್ವಾಹಕ
ಬೇಡ. ಆ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಕೆಲಸದ ವಿಷಯ ಮಾತ್ರ.

ತಲಪಾಡಿ ದಾಟಿದವ
ಕಂಪೆನಿ ಕೆಲಸದ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ, ಎಲ್ಲರೂ ಅಜ್ಜನ ಪೆಟ್ಟಿಗೆಯಲ್ಲೇ ಇದ್ದಾರೆ. ನಾನೇ ಹೇಳ್ತೇನೆ. ‘ಎರಡು ವರ್ಷ ಅನುಭವ’ ಅಂತ ಇದ್ದರೂ ಅರ್ಜಿ ಹಾಕಿ. ನನಗೂ ಇರಲಿಲ್ಲ. ಒಂದು ಎನ್‌ಡಿಎ (ಗುಟ್ಟು ಕಾಪಾಡುವ ಕರಾರು), ಒಂದು ಸರ್ವೀಸ್ ಅಗ್ರಿಮೆಂಟ್, ಒಂದು ಬಾಡಿಗೆ ಕರಾರು, ಇವನ್ನು ನೀವೇ ಬರೆದು ಮಾದರಿ ಅಂತ ಇಟ್ಟುಕೊಳ್ಳಿ, ಸಂದರ್ಶನದಲ್ಲಿ ಕೇಳುತ್ತಾರೆ. ಕಾಲೇಜಿನ ಸೀನಿಯರ್‌ಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ‘ಕೆಲಸ ಕೊಡಿಸಿ’ ಅಂತ ಬರೆಯಬೇಡಿ, ‘ನಿಮ್ಮ ಕೆಲಸ ಹೇಗಿರುತ್ತದೆ, ಹತ್ತು ನಿಮಿಷ ಮಾತಾಡಬಹುದಾ’ ಅಂತ ಕೇಳಿ. ಅರ್ಧದಷ್ಟು ಜನ ಮಾತಾಡುತ್ತಾರೆ.

ಬ್ಯಾಂಕ್ ಪರೀಕ್ಷೆ ಬರಿ ಅನ್ನುವ ಚಿಕ್ಕಮ್ಮನೂ ಪೂರ್ತಿ ತಪ್ಪಲ್ಲ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನಲ್ಲಿ ಲಾ ಆಫೀಸರ್ ಸ್ಕೇಲ್ 1 ಅಂತ ಇದೆ. ಎಲ್‌ಎಲ್‌ಬಿ ಆಗಿ ಎನ್‌ರೋಲ್ ಆಗಿರಬೇಕು, ವಯಸ್ಸು 20ರಿಂದ 30. ಅಮ್ಮನಿಗೂ ಖುಷಿ, ಕಾನೂನೂ ಬಿಟ್ಟ ಹಾಗಾಗುವುದಿಲ್ಲ.

ಮತ್ತೆ, ದುಡ್ಡು ಕೇಳುವ ಆನ್‌ಲೈನ್ ಇಂಟರ್ನ್‌ಶಿಪ್ ದೂರ ಇಡಿ. ನನ್ನ ತಮ್ಮ ಒಂದಕ್ಕೆ ಕಟ್ಟಿದ. ವಾಟ್ಸಾಪ್ ಗ್ರೂಪು, ನಾಲ್ಕು ಪಿಡಿಎಫ್, ಚಿನ್ನದ ಅಂಚಿನ ಸರ್ಟಿಫಿಕೇಟು. ಸಂದರ್ಶನದಲ್ಲಿ ಅದನ್ನು ನೋಡಿ ನಕ್ಕರಂತೆ.

ಹಳೇ ಕೋಟು
ಇದೊಂದು ಮಾತು ಒಪ್ಪಿದೆ.

ಇನ್ನೊಂದು ಸೇರಿಸುತ್ತೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೋಟಿಫಿಕೇಶನ್ ನೋಡುತ್ತಾ ಇರಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) 2022ರ ಯೋಜನೆಯಲ್ಲಿ ಬಡ ಆರೋಪಿಗಳ ಪರ ವಾದಿಸಲು ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಅಂತ ಹುದ್ದೆ ಮಾಡಿದ್ದಾರೆ. ಮುಖ್ಯಸ್ಥರಿಗೆ 10 ವರ್ಷ, ಡೆಪ್ಯೂಟಿಗೆ 7 ವರ್ಷ ಕ್ರಿಮಿನಲ್ ಪ್ರಾಕ್ಟೀಸ್ ಬೇಕು. ಅಸಿಸ್ಟೆಂಟ್‌ಗೆ ಸೊನ್ನೆಯಿಂದ 3 ವರ್ಷ. ಹೊಸಬರಿಗೆ ತಿಂಗಳಿಗೆ ಗೌರವಧನವೂ ಬಂದು, ದಿನಾ ಕ್ರಿಮಿನಲ್ ಕೋರ್ಟಿನಲ್ಲಿ ನಿಲ್ಲಲು ಸಿಗುವ ಅಪರೂಪದ ಕೆಲಸ ಇದು. ನಮ್ಮ ಕಾಲದಲ್ಲಿ ಇರಲಿಲ್ಲ.

ಎರ್ನಾಕುಲಂ ಪಿಜಿ
ಸರ್, ಇದಕ್ಕೆ ಥ್ಯಾಂಕ್ಸ್. ಮೊದಲು ಕೋಪ ಬಂದಿದ್ದಕ್ಕೆ ಕೋಪ ಇಟ್ಕೋಬೇಡಿ.

ಹಳೇ ಕೋಟು
ವಕೀಲರು ಜಗಳ ಆಡದಿದ್ದರೆ ಯಾರು ಆಡುವುದು?

ಕಾನೂನು ಎರಡನೇ ವರ್ಷ
ಇನ್‌ಸ್ಟಾಗ್ರಾಂನಲ್ಲಿ ‘ಕಾಸರಗೋಡು ಕನ್ನಡ ಲಾಯರ್, ಹಳೇ ದಾಖಲೆ ಓದಿಕೊಡಲಾಗುವುದು’ ಅಂತ ಪೇಜ್ ಮಾಡಿದರೆ ಹೇಗೆ? ನಾನು ಮಾಡಿಕೊಡುತ್ತೇನೆ ಅಕ್ಕ.

ವಿದ್ಯಾನಗರ ವಕೀಲ
ಮಾಡಬೇಡ. ನಿಯಮ 36, ವಕೀಲರು ಜಾಹೀರಾತು ಕೊಡುವಂತಿಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟ್ ಆನ್‌ಲೈನ್‌ನಲ್ಲಿ ಕೇಸು ಹಿಡಿಯುವವರ ಮೇಲೆ ಕ್ರಮ ತಗೊಳ್ಳಿ ಅಂತ ಬಾರ್ ಕೌನ್ಸಿಲ್‌ಗೆ ಹೇಳಿದೆ. ಕೆಲಸ ಮಾಡಿ ತೋರಿಸಿ. ಕಾಸರಗೋಡು ಸಣ್ಣ ಊರು, ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಬಾರ್ ಹಾಲಿಗೆ ಬರುತ್ತದೆ.

ಮತ್ತೆ ತಂಗಿ, ಸಂಬಳದ ಮಾತು ಕೇಳಿದ್ದರಲ್ಲ, ಸಾರ್ವಜನಿಕವಾಗಿ ಬರೆಯುವುದಿಲ್ಲ. ಲಿಪಿ ಕಲಿತು, ನಿಮ್ಮ ಮನೆಯ ಕಾಗದ ಒಂದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ತಂದು ತೋರಿಸು. ನನ್ನ ಆಫೀಸು ಅಂತಲೇ ಇಲ್ಲ, ಇಲ್ಲಿ ಸಿವಿಲ್ ನೋಡುವ ಯಾರಿಗೆ ತೋರಿಸಿದರೂ ಕೂತುಕೋ ಅನ್ನುತ್ತಾರೆ.

ಪೆರ್ಲದವಳು
ಸರಿ ಸರ್. ಕೇರಳದಲ್ಲೇ ಎನ್‌ರೋಲ್‌ಮೆಂಟ್‌ಗೆ ಅರ್ಜಿ ಹಾಕುತ್ತೇನೆ. ಬ್ಯಾಂಕ್ ಪರೀಕ್ಷೆಗೂ ಹಾಕುತ್ತೇನೆ, ಚಿಕ್ಕಮ್ಮನ ಬಾಯಿಗೆ ಅಷ್ಟಾದರೂ ಬೀಗ ಬೀಳಲಿ. ಮಲಯಾಳಂಗೆ ಪಕ್ಕದ ಮನೆಯ ಎಲ್‌ಪಿ ಸ್ಕೂಲ್ ಮಗುವಿನ ಪುಸ್ತಕ ತಂದಿದ್ದೇನೆ. ಮಗು ನನ್ನನ್ನು ನೋಡಿ ನಗುತ್ತಿದೆ.

ತಲಪಾಡಿ ದಾಟಿದವ
ಬೆಂಗಳೂರು ಎಲ್ಲೂ ಹೋಗುವುದಿಲ್ಲ, ಒಂದು ವರ್ಷ ಬಿಟ್ಟು ಮೆಸೇಜ್ ಮಾಡಿ.

ಕಾನೂನು ಎರಡನೇ ವರ್ಷ
ನನಗೂ ಒಂದು ಹೇಳಿ ಯಾರಾದರೂ. ಐದು ವರ್ಷದ ಕೋರ್ಸು ನನ್ನದು. ಇಂಟರ್ನ್‌ಶಿಪ್ ಒಟ್ಟು ಎಷ್ಟು ವಾರ ಬೇಕು? ಕಾಲೇಜಿನಲ್ಲಿ ಕೇಳಿದರೆ ನೋಟೀಸ್ ಬೋರ್ಡ್ ನೋಡು ಅನ್ನುತ್ತಾರೆ.

ಮಂಜೇಶ್ವರ ಪ್ಯಾಸೆಂಜರ್
ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮ. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ್ದಕ್ಕೆ 12. ಒಂದು ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಜಾಸ್ತಿ ಆಗಬಾರದು. ಕೊನೇ ವರ್ಷಕ್ಕೆ ಎಲ್ಲ ಒಟ್ಟು ಮಾಡಲು ಹೋಗಬೇಡ. ಮೊದಲೆರಡು ವರ್ಷ ಟ್ರಯಲ್ ಕೋರ್ಟು, ಲೀಗಲ್ ಏಡ್ ನೋಡು, ಆಮೇಲೆ ಹೈಕೋರ್ಟು, ಕಂಪೆನಿ.

ಅಡಿಕೆ ಗೊನೆ
ಗುಮಾಸ್ತಣ್ಣ, ನಮ್ಮ ಅಜ್ಜನ ಮೂಲಗೇಣಿ ಚೀಟಿಯ ಫೋಟೋ ಇದೆ. ಇಲ್ಲೇ ಹಾಕಲಾ, ಓದಿ ಹೇಳುತ್ತೀರಾ?

ಗುಮಾಸ್ತಣ್ಣ
ಇಲ್ಲಿ ಹಾಕಬೇಡ ಮಾರಾಯಾ, ಸರ್ವೆ ನಂಬರು, ಹೆಸರು ಎಲ್ಲ ಊರಿಗೇ ಕಾಣುತ್ತದೆ. ಪೆರ್ಲದ ತಂಗಿ ಎನ್‌ರೋಲ್ ಆಗುವವರೆಗೆ ತಡಿ, ಅವಳ ಹತ್ತಿರ ತಗೊಂಡು ಹೋಗು. ಫೀಸು ಇಟ್ಟುಕೊಂಡೇ ಹೋಗು.